ಓವರ್‌ಕ್ಲಾಕಿಂಗ್‌ಗೆ ಕಂಪ್ಯೂಟರ್ ಜೋಡಿಸುವವರು ಮೊದಲು ನೋಡಬೇಕಾದದ್ದು ಪ್ರೊಸೆಸರನ್ನಲ್ಲ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕೈಯಲ್ಲಿರುವ ಹಣದಲ್ಲಿ ಬಹುಪಾಲನ್ನು ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಸುರಿದು, ಮಿಕ್ಕಿದ್ದರಲ್ಲಿ ಮದರ್‌ಬೋರ್ಡ್, ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ), ಕೂಲರ್ ಮೂರನ್ನೂ ಮುಗಿಸಿಬಿಡುತ್ತಾರೆ. ಸಾಮಾನ್ಯ ಬಳಕೆಗೆ ಇದು ಹೇಗೋ ನಡೆದೀತು. ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಯಂತ್ರವನ್ನು ಓಡಿಸಬೇಕೆಂದಿದ್ದರೆ, ಅಂದರೆ ಓವರ್‌ಕ್ಲಾಕ್ ಮಾಡಬೇಕೆಂದಿದ್ದರೆ, ನಡೆಯುವುದೇ ಇಲ್ಲ.

ಕಾರಣ ಸರಳವಾದ ಲೆಕ್ಕದಲ್ಲಿದೆ. ಪ್ರೊಸೆಸರ್ ತಿನ್ನುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಶೇ 5ರಷ್ಟು ವೇಗ ಹೆಚ್ಚಿಸಲು ವೋಲ್ಟೇಜನ್ನು ಶೇ 10ರಷ್ಟು ಏರಿಸಬೇಕಾಗಿ ಬಂತು ಎನ್ನಿ, ವಿದ್ಯುತ್ ಬಳಕೆ ಸುಮಾರು ಶೇ 27ರಷ್ಟು ಹೆಚ್ಚುತ್ತದೆ. ಅಷ್ಟು ವಿದ್ಯುತ್ತನ್ನು ಏರಿಳಿತವಿಲ್ಲದೆ ಒಳಗೆ ತರುವುದು ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡಿನ ಕೆಲಸ, ಅದೆಲ್ಲವೂ ಬಿಸಿಯಾದಾಗ ಹೊರಗೆ ಸಾಗಿಸುವುದು ಕೂಲರಿನ ಕೆಲಸ. ಓವರ್‌ಕ್ಲಾಕಿಂಗ್ ಗೆಲ್ಲುವುದೂ ಸೋಲುವುದೂ ಈ ಮೂರರಲ್ಲೇ.

ನಿರೀಕ್ಷೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಅನ್ನು 300ರಿಂದ 450 ಮೆಗಾಹರ್ಟ್ಸ್‌ಗೆ ಏರಿಸಿದವರು ಲೆಕ್ಕವಿಲ್ಲದಷ್ಟು ಮಂದಿ. 2011ರ ಕೋರ್ ಐ5-2500ಕೆ 3.3 ಗಿಗಾಹರ್ಟ್ಸ್‌ನಿಂದ 4.5ರ ಆಸುಪಾಸಿಗೆ ಸಲೀಸಾಗಿ ಹೋಗುತ್ತಿತ್ತು. ಈಗಿನ ಪ್ರೊಸೆಸರ್‌ಗಳು ತಮ್ಮ ಶಕ್ತಿಯ ಬಹುಪಾಲನ್ನು ತಾವಾಗಿಯೇ ಬಳಸಿಕೊಳ್ಳುತ್ತವೆ. ಉಳಿದಿರುವುದು ಸಣ್ಣ ಅಂಚು. ಮೆಮೊರಿಯನ್ನು (ರ‍್ಯಾಮ್) ಹದಗೊಳಿಸಿ, ಪ್ರತಿ ಕೋರ್‌ನ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ವೋಲ್ಟೇಜನ್ನು ಆದಷ್ಟು ತಗ್ಗಿಸಿ, ಅದೇ ಬಿಸಿಯಲ್ಲಿ ಹೆಚ್ಚು ಹೊತ್ತು ಹೆಚ್ಚಿನ ವೇಗ ಉಳಿಸಿಕೊಳ್ಳುವುದೇ ಇಂದಿನ ಓವರ್‌ಕ್ಲಾಕಿಂಗ್. ಆಟದಲ್ಲಿ ಫ್ರೇಮ್ ಹೆಚ್ಚಾಗಬೇಕು ಎನ್ನುವುದಷ್ಟೇ ಗುರಿಯಾದರೆ ಈ ಲೇಖನವನ್ನು ಪಕ್ಕಕ್ಕಿಟ್ಟು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೊಳ್ಳಿ. ಯಂತ್ರವನ್ನು ಅರಿಯುವ ಆಸೆ ಇದ್ದವರು ಮುಂದೆ ಓದಿ.

ಹೆಜ್ಜೆ 1: ಬೀಗವಿಲ್ಲದ ಪ್ರೊಸೆಸರ್

ವೇಗವನ್ನು ನಿರ್ಧರಿಸುವ ಗುಣಕವನ್ನು (ಮಲ್ಟಿಪ್ಲೈಯರ್) ಬದಲಿಸಲು ಬಿಡುವುದೇ ಬೀಗವಿಲ್ಲದ ಪ್ರೊಸೆಸರ್. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಇರಬೇಕು, ಜೊತೆಗೆ ಬೋರ್ಡಿನ ಚಿಪ್‌ಸೆಟ್ (ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್ಪು) 'ಝಡ್' ಸರಣಿಯದಾಗಿರಬೇಕು: ಝಡ್690, ಝಡ್790, ಝಡ್890 ಹೀಗೆ. ಬಿ760 ಬೋರ್ಡಿನಲ್ಲಿ ಮೆಮೊರಿಯ ವೇಗ ಏರಿಸಬಹುದು, ಪ್ರೊಸೆಸರಿನ ಗುಣಕವನ್ನು ಮುಟ್ಟಲಾಗದು. 'ಕೆ' ಪ್ರೊಸೆಸರ್ ಕೊಂಡು ಬಿ760 ಬೋರ್ಡಿಗೆ ಕೂರಿಸಿ, ಬಯಾಸ್‌ನಲ್ಲಿ (ಯಂತ್ರ ಏಳುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪರದೆ) ಆಯ್ಕೆ ಎಲ್ಲಿದೆಯೆಂದು ಹುಡುಕುತ್ತ ಕೂತವರನ್ನು ನಾನು ಕಂಡಿದ್ದೇನೆ.

ಎಎಂಡಿಯಲ್ಲಿ ಬಹುತೇಕ ಎಲ್ಲ ರೈಜನ್ ಪ್ರೊಸೆಸರ್‌ಗಳಿಗೂ ಬೀಗವಿಲ್ಲ. ಬಿ650 ಬೋರ್ಡ್ ಸಾಕು, ಎ620 ಬೇಡ. ಹೆಸರಿನಲ್ಲಿ 'ಎಕ್ಸ್3ಡಿ' ಇರುವವುಗಳಲ್ಲಿ ಮಾತ್ರ ಎಚ್ಚರ. 7800ಎಕ್ಸ್3ಡಿಯ ಗುಣಕಕ್ಕೆ ಬೀಗವಿದೆ, ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್ ಮಾತ್ರ ತೆರೆದಿದೆ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಗೆ ಈ ಕಟ್ಟು ಇಲ್ಲ.

ಮೊದಲ ಬಾರಿಗೆ ಕೈಹಾಕುವವರಿಗೆ ನನ್ನ ಸಲಹೆ ರೈಜನ್ 5 7600. 7600ಎಕ್ಸ್‌ನಲ್ಲಿರುವ ಅದೇ ಆರು ಕೋರ್ ಇದರಲ್ಲೂ ಇವೆ. ವ್ಯತ್ಯಾಸವಿರುವುದು ಬೂಸ್ಟ್ ವೇಗದಲ್ಲಿ (5.1 ಮತ್ತು 5.3 ಗಿಗಾಹರ್ಟ್ಸ್) ಹಾಗೂ ವಿದ್ಯುತ್ತಿನ ಮಿತಿಯಲ್ಲಿ. ಆ ಮಿತಿಯನ್ನು ಬಯಾಸ್‌ನಲ್ಲಿ ನೀವೇ ಸಡಿಲಿಸಬಹುದಾದ ಮೇಲೆ ಅದಕ್ಕೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಉಳಿದ ಹಣ ಬೋರ್ಡಿಗೆ ಹೋಗಲಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳನ್ನು ಯಾರೋ ಬಳಸಿ ಮಾರುತ್ತಿದ್ದರೆ ಕೊಳ್ಳಬೇಡಿ. ಅತಿಯಾದ ವೋಲ್ಟೇಜಿನಿಂದ ಅವು ಕಾಲಕ್ರಮೇಣ ಅಸ್ಥಿರವಾಗುವ ದೋಷವನ್ನು ಸರಿಪಡಿಸಲು ಇಂಟೆಲ್ 2024ರ ಆಗಸ್ಟ್‌ನಲ್ಲಿ ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳತಂತ್ರಾಂಶ) ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆದರೆ ಅದಕ್ಕೆ ಮೊದಲೇ ಆಗಿಹೋದ ಹಾನಿಯನ್ನು ಯಾವ ಮೈಕ್ರೋಕೋಡೂ ಹಿಂತಿರುಗಿಸದು.

ಹೆಜ್ಜೆ 2: ಮದರ್‌ಬೋರ್ಡ್. ಇಲ್ಲಿ ಆತುರ ಬೇಡ

ಎಲ್ಲರೂ ಎಡವುವುದು ಇಲ್ಲೇ. ಬೋರ್ಡನ್ನು ಚಿಪ್‌ಸೆಟ್ ಹೆಸರು ಮತ್ತು ಬೆಲೆ ನೋಡಿ ಕೊಳ್ಳುತ್ತಾರೆ. ನೋಡಬೇಕಾದದ್ದು ವಿಆರ್‌ಎಂ, ಅಂದರೆ ಪ್ರೊಸೆಸರ್ ಕೂರುವ ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ಹರಡಿರುವ ವಿದ್ಯುತ್ ವಿಭಾಗ.

ಎಸ್‌ಎಂಪಿಎಸ್ ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು ಸುಮಾರು 1.2 ವೋಲ್ಟ್. ವೋಲ್ಟೇಜ್ ಇಳಿದಷ್ಟೂ ಕರೆಂಟು ಏರಲೇಬೇಕು: 200 ವಾಟ್‌ಗಳನ್ನು 1.25 ವೋಲ್ಟ್‌ನಲ್ಲಿ ಕೊಡಬೇಕಾದರೆ 160 ಆಂಪಿಯರ್ ಹರಿಯಬೇಕು. ಎಷ್ಟೋ ಮನೆಗಳ ಮೇನ್ ಎಂಸಿಬಿ 32 ಅಥವಾ 40 ಆಂಪಿಯರಿಗೇ ಬಿದ್ದುಹೋಗುತ್ತದೆ. ಅದರ ನಾಲ್ಕೈದು ಪಟ್ಟು ಕರೆಂಟು ಅಂಗೈ ಅಗಲದ ಜಾಗದಲ್ಲಿ ಹರಿಯುತ್ತದೆ ಎಂಬುದನ್ನು ನೆನಪಿಟ್ಟುಕೊಂಡೇ ಬೋರ್ಡನ್ನು ಕೈಗೆತ್ತಿಕೊಳ್ಳಿ.

ಸಾಕೆಟ್ಟಿನ ಸುತ್ತ ಬೂದು ಬಣ್ಣದ ಚೌಕಾಕಾರದ ಬಿಲ್ಲೆಗಳು ಸಾಲಾಗಿ ಕಾಣುತ್ತವೆ. ಅವು ಚೋಕ್‌ಗಳು. ಒಂದೊಂದು ಚೋಕ್ ಒಂದೊಂದು ಫೇಸ್ (ಪ್ರೊಸೆಸರಿನ ಕರೆಂಟನ್ನು ಹಂಚಿಕೊಂಡು ಕೊಡುವ ಒಂದು ಸಾಲು) ಎಂದು ಲೆಕ್ಕ ಹಾಕುವುದು ರೂಢಿ. ಡಬ್ಬದ ಮೇಲೆ '14 ಫೇಸ್' ಎಂದು ಬರೆದಿದ್ದರೆ ಅದನ್ನೇ ನಂಬಬೇಡಿ. ನಿಯಂತ್ರಕ ಚಿಪ್ಪು ಏಳು ಫೇಸ್‌ಗಳನ್ನಷ್ಟೇ ನಡೆಸುತ್ತಿದ್ದು, ಪ್ರತಿಯೊಂದಕ್ಕೂ ಎರಡೆರಡು ಬಿಡಿಭಾಗ ಜೋಡಿಸಿ ಹದಿನಾಲ್ಕು ಎಂದು ಬರೆದಿರಬಹುದು. ಹಾಗೆ ಜೋಡಿಸುವುದು ದೋಷವೇನಲ್ಲ, ಆದರೆ ಸಂಖ್ಯೆಯೊಂದನ್ನೇ ಹಿಡಿದು ಎರಡು ಬೋರ್ಡ್‌ಗಳನ್ನು ಹೋಲಿಸಿದರೆ ಮೋಸ ಹೋಗುತ್ತೀರಿ. ಕೇಳಬೇಕಾದ ಪ್ರಶ್ನೆ, ಒಂದೊಂದು ಪವರ್ ಸ್ಟೇಜ್ (ಕರೆಂಟನ್ನು ಹಾಯಿಸುವ ಚಿಪ್ಪು) ಎಷ್ಟು ಆಂಪಿಯರಿನದು ಎಂಬುದು. 50, 60, 80 ಎಂದು ಕಂಪನಿಯ ಜಾಲತಾಣದಲ್ಲಿ ಬರೆದಿರುತ್ತಾರೆ. ಆರು ಅಥವಾ ಎಂಟು ಕೋರ್‌ನ ಪ್ರೊಸೆಸರ್‌ಗೆ ತಲಾ 60 ಆಂಪಿಯರಿನ ಎಂಟು ಸ್ಟೇಜ್ ಇದ್ದರೆ ಧಾರಾಳವಾಯಿತು. ಯಾವ ಪುಟದಲ್ಲೂ ಆ ಮಾಹಿತಿ ಇಲ್ಲದ ಬೋರ್ಡನ್ನು ನಾನು ಕೊಳ್ಳುವುದಿಲ್ಲ.

ಆಮೇಲೆ ಹೀಟ್‌ಸಿಂಕ್, ಅಂದರೆ ಆ ಚಿಪ್ಪುಗಳ ಬಿಸಿಯನ್ನು ಹೀರಿ ಹೊರಬಿಡುವ ಲೋಹ. ಅಂಗಡಿಯವರನ್ನು ಕೇಳಿ ಬೋರ್ಡನ್ನು ಹೊರತೆಗೆಸಿ, ಬೆನ್ನು ಮೇಲಾಗಿಸಿ ನೋಡಿ. ವಿಆರ್‌ಎಂ ಇರುವ ಜಾಗದ ಹಿಂಬದಿಯಲ್ಲಿ ಹೀಟ್‌ಸಿಂಕನ್ನು ಸ್ಕ್ರೂಗಳಿಂದ ಬಿಗಿದಿದ್ದಾರೆಯೇ, ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಪಿನ್ನುಗಳಿಂದ ಸಿಕ್ಕಿಸಿದ್ದಾರೆಯೇ ಎಂಬುದು ತಿಳಿಯುತ್ತದೆ. ಸ್ಕ್ರೂ ಇದ್ದರೆ ಲೋಹ ಗಟ್ಟಿಯಾಗಿ ಒತ್ತಿಕೊಂಡಿರುತ್ತದೆ. ಪಿನ್ ಇದ್ದರೆ ಒಂದು ತುದಿ ಎದ್ದಿರುವ ಸಾಧ್ಯತೆ ಹೆಚ್ಚು. ಮುಂಬದಿಗೆ ತಿರುಗಿಸಿ, ಬೆಳಕಿಗೆ ಅಡ್ಡ ಹಿಡಿದು, ಹೀಟ್‌ಸಿಂಕಿನ ಕೆಳಗಿರುವ ಥರ್ಮಲ್ ಪ್ಯಾಡ್ (ಬಿಸಿ ಸಾಗಿಸುವ ಮೆತ್ತೆ) ಎಲ್ಲ ಚಿಪ್ಪುಗಳನ್ನೂ ಮುಟ್ಟಿದೆಯೇ ಗಮನಿಸಿ. ಅಗ್ಗದ ಬೋರ್ಡ್‌ಗಳಲ್ಲಿ ಮೇಲಿನ ಸಾಲಿನ ಚಿಪ್ಪುಗಳಿಗೆ ಹೊದಿಕೆಯೇ ಇರುವುದಿಲ್ಲ. ಕೆಲವದರಲ್ಲಿ ನುಣುಪಾದ ದೊಡ್ಡ ಕವಚ ಕಾಣುತ್ತದೆ, ಉಗುರಿನಿಂದ ತಟ್ಟಿದರೆ ಪ್ಲಾಸ್ಟಿಕ್ಕಿನ ಸದ್ದು ಬರುತ್ತದೆ. ಗಾಳಿ ಆಡಲು ಸೀಳುಗಳಿರುವ, ಕೈಗೆ ಭಾರವೆನಿಸುವ ಅಲ್ಯುಮಿನಿಯಂ ಇರುವುದನ್ನೇ ಆರಿಸಿ. ದೀಪಗಳ ಅಲಂಕಾರಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇಷ್ಟು ಒತ್ತಿ ಹೇಳುವುದೇಕೆಂದರೆ, ವಿಆರ್‌ಎಂ ಕಾದಾಗ ತೋರುವ ಲಕ್ಷಣ ಜನರನ್ನು ದಾರಿ ತಪ್ಪಿಸುತ್ತದೆ. ಪ್ರೊಸೆಸರಿನ ತಾಪ 70 ಡಿಗ್ರಿಯಲ್ಲೇ ನೆಮ್ಮದಿಯಾಗಿರುತ್ತದೆ, ಆದರೂ ಹತ್ತು ನಿಮಿಷಗಳಾದ ಮೇಲೆ ವೇಗ ತಟಕ್ಕನೆ ಕುಸಿಯುತ್ತದೆ. ಪ್ರೊಸೆಸರ್ ಸರಿಯಿಲ್ಲವೆಂದು ಅಂಗಡಿಗೆ ಓಡುತ್ತಾರೆ. ನಿಜವಾಗಿ ಬೋರ್ಡು ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ಕತ್ತರಿಸಿರುತ್ತದೆ. ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ವಿಆರ್‌ಎಂ ತಾಪದ ಸಾಲನ್ನು ನೋಡಿದರೆ ಸತ್ಯ ಗೊತ್ತಾಗುತ್ತದೆ. ಲಿಕ್ವಿಡ್ ಕೂಲರ್ (ದ್ರವ ಹರಿಸಿ ತಂಪಾಗಿಸುವಂಥದ್ದು) ಹಾಕಿದವರಿಗೆ ಈ ತೊಂದರೆ ಹೆಚ್ಚು, ಏಕೆಂದರೆ ಗೋಪುರದಾಕಾರದ ಕೂಲರಿನ ಫ್ಯಾನು ಸುತ್ತಲಿನ ವಿಆರ್‌ಎಂ ಮೇಲೂ ಗಾಳಿ ಹಾಯಿಸುತ್ತದೆ, ಲಿಕ್ವಿಡ್ ಕೂಲರಿನ ಪಂಪು ಹಾಯಿಸುವುದಿಲ್ಲ.

ಬೋರ್ಡಿನಲ್ಲಿ ಇನ್ನೆರಡು ಸೌಲಭ್ಯಗಳು ಇರಲೇಬೇಕು. ಒಂದು, ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ. ಹಳೆಯ ದಾಸ್ತಾನಿನ ಬಿ650 ಬೋರ್ಡಿಗೆ ರೈಜನ್ 9000 ಸರಣಿಯ ಪ್ರೊಸೆಸರ್ ಹಾಕಿದರೆ ಯಂತ್ರ ಏಳುವುದಿಲ್ಲ. ಈ ಗುಂಡಿ ಇದ್ದರೆ ಪೆನ್‌ಡ್ರೈವ್‌ನಿಂದಲೇ ಬಯಾಸ್ ನವೀಕರಿಸಬಹುದು. ಇನ್ನೊಂದು, ಸುಲಭವಾಗಿ ಕೈಗೆಟಕುವ ಕ್ಲಿಯರ್ ಸಿಮೋಸ್, ಅಂದರೆ ಬಯಾಸ್ ಸೆಟ್ಟಿಂಗ್‌ಗಳನ್ನು ಮೊದಲಿನಂತಾಗಿಸುವ ಸೌಲಭ್ಯ. ಓವರ್‌ಕ್ಲಾಕ್ ಮಾಡುವವರು ಇದನ್ನು ಪದೇ ಪದೇ ಬಳಸುತ್ತಾರೆ.

ಹೆಜ್ಜೆ 3: ಎಸ್‌ಎಂಪಿಎಸ್

ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವುದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. '500 ವಾಟ್' ಎಂಬ ದೊಡ್ಡಕ್ಷರ ಓದಿ ಸಮಾಧಾನಪಡಬೇಡಿ. ಪಕ್ಕದಲ್ಲಿ ಅಂಟಿಸಿದ ಪಟ್ಟಿಯಲ್ಲಿ +12 ವೋಲ್ಟ್ ಸಾಲನ್ನು ಓದಿ. ಅಲ್ಲಿ 30 ಆಂಪಿಯರ್ ಎಂದಿದ್ದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ನಿಜವಾಗಿ ಸಿಗುವುದು 360 ವಾಟ್ ಮಾತ್ರ. 80 ಪ್ಲಸ್ ಗೋಲ್ಡ್ ಎಂಬ ಮುದ್ರೆ ಎಷ್ಟು ವಿದ್ಯುತ್ತು ವ್ಯರ್ಥವಾಗುವುದಿಲ್ಲ ಎಂಬುದನ್ನು ಹೇಳುತ್ತದೆಯೇ ಹೊರತು ಗುಣಮಟ್ಟದ ಸಂಪೂರ್ಣ ಪ್ರಮಾಣಪತ್ರವಲ್ಲ. ನಾನು ಹೆಚ್ಚು ನಂಬುವುದು ವಾರಂಟಿಯ ಅವಧಿಯನ್ನು: ಏಳು ಅಥವಾ ಹತ್ತು ವರ್ಷ ಕೊಡುವ ಕಂಪನಿ ಒಳಗೆ ಕಳಪೆ ಕೆಪಾಸಿಟರ್ ಹಾಕಿ ದಕ್ಕಿಸಿಕೊಳ್ಳುವುದು ಕಷ್ಟ. ರೈಜನ್ 5 ಮತ್ತು ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡಿಗೆ 650 ವಾಟ್ ಸಾಕು. ದೊಡ್ಡ ಕಾರ್ಡಿದ್ದರೆ 850, ಎಟಿಎಕ್ಸ್ 3.0 ಅಥವಾ 3.1 ಮಾನದಂಡದ್ದು.

ಒಂದು ಎಸ್‌ಎಂಪಿಎಸ್‌ನ ಬಿಡಿ ಕೇಬಲ್ಲನ್ನು ಇನ್ನೊಂದಕ್ಕೆ ಎಂದೂ ಸಿಕ್ಕಿಸಬೇಡಿ. ತುದಿ ಒಂದೇ ತರಹ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇರುತ್ತದೆ. ಹಾರ್ಡ್ ಡಿಸ್ಕ್ ಸುಟ್ಟು, ಅದರಲ್ಲಿದ್ದ ಮದುವೆಯ ಫೋಟೊಗಳೆಲ್ಲ ಹೋದದ್ದನ್ನು ನೋಡಿದ್ದೇನೆ.

ಗೋಡೆಯತ್ತಲೂ ಗಮನ ಕೊಡಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಬೆರಳು ಜುಮ್ಮೆಂದರೆ ಮನೆಯ ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಎಲೆಕ್ಟ್ರೀಷಿಯನ್ ಕರೆಸಿ ಅದನ್ನು ಸರಿಪಡಿಸಿಕೊಂಡ ಮೇಲೆಯೇ ಮುಂದಿನ ಮಾತು. ಯುಪಿಎಸ್ ಕೊಳ್ಳುವಾಗ ವಿಎ ಅಲ್ಲ, ವಾಟ್ ಕೇಳಿ. 1000 ವಿಎ ಎಂದು ಮಾರುವ ಎಷ್ಟೋ ಯುಪಿಎಸ್‌ಗಳು ಹೊರುವುದು 600 ವಾಟ್.

ಹೆಜ್ಜೆ 4: ಕೂಲರ್

ಏರ್ ಕೂಲರಾಗಲಿ ಲಿಕ್ವಿಡ್ ಕೂಲರಾಗಲಿ ಪ್ರೊಸೆಸರನ್ನು ಕೋಣೆಯ ತಾಪಕ್ಕಿಂತ ಕೆಳಗೆ ಇಳಿಸಲಾರದು. 28 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ 80 ಡಿಗ್ರಿಗೆ ನಿಲ್ಲುವ ಯಂತ್ರ, ಮೇ ತಿಂಗಳಿನ ರಾಯಚೂರು ಅಥವಾ ಕಲಬುರಗಿಯಲ್ಲಿ 40 ಡಿಗ್ರಿಯ ಕೋಣೆಯಲ್ಲಿದ್ದರೆ 92 ಮುಟ್ಟುತ್ತದೆ. ರೈಜನ್ 7000ಕ್ಕೆ 95 ಡಿಗ್ರಿಯೇ ಗರಿಷ್ಠ ಮಿತಿ. ಆದ್ದರಿಂದ ವಿಡಿಯೊಗಳಲ್ಲಿ ತೋರಿಸುವ ತಾಪವನ್ನು ನಿಮ್ಮ ಊರಿನ ಬೇಸಿಗೆಗೆ ಹೊಂದಿಸಿಕೊಂಡೇ ಓದಬೇಕು.

ನನ್ನ ಆಯ್ಕೆ ಯಾವಾಗಲೂ ಎರಡು ಗೋಪುರದ ಏರ್ ಕೂಲರ್. ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಕೊಡುವ ಹಣಕ್ಕೆ ಮೋಸವಿಲ್ಲ. ಅದರ ಎತ್ತರ 155 ಮಿಲಿಮೀಟರ್, ನಾಕ್ಟುವಾ ಎನ್‌ಎಚ್-ಡಿ15ರದ್ದು 165. ಕ್ಯಾಬಿನೆಟ್ಟಿನಲ್ಲಿ ಅಷ್ಟು ಜಾಗವಿದೆಯೇ, ಫ್ಯಾನಿನ ಕೆಳಗೆ ರ‍್ಯಾಮ್ ಹಿಡಿಯುತ್ತದೆಯೇ ಎಂದು ಅಳತೆ ನೋಡಿ. ಲಿಕ್ವಿಡ್ ಕೂಲರಿನಲ್ಲಿ ಪಂಪು ಕೆಟ್ಟರೆ ಇಡೀ ಕೂಲರನ್ನೇ ಬದಲಿಸಬೇಕು. ಏರ್ ಕೂಲರಿನಲ್ಲಿ ಫ್ಯಾನೊಂದು ಬದಲಿಸಿದರೆ ಮುಗಿಯಿತು.

ಹೆಜ್ಜೆ 5: ರ‍್ಯಾಮ್

ಎಎಂಡಿಗೆ ಡಿಡಿಆರ್5-6000, ಸಿಎಲ್30 (ಮೆಮೊರಿ ಸ್ಪಂದಿಸಲು ತೆಗೆದುಕೊಳ್ಳುವ ಸಮಯದ ಅಳತೆ), ಎಕ್ಸ್‌ಪೋ (ಮೆಮೊರಿಯನ್ನು ಅದರ ಘೋಷಿತ ವೇಗಕ್ಕೆ ಹೊಂದಿಸುವ ಎಎಂಡಿಯ ವ್ಯವಸ್ಥೆ) ಬೆಂಬಲವಿರುವ ತಲಾ 16 ಜಿಬಿಯ ಜೋಡಿ. ಒಂದೇ ಪೊಟ್ಟಣದಲ್ಲಿ ಬಂದ ಎರಡು ಕಡ್ಡಿಗಳು ಮಾತ್ರ, ನಾಲ್ಕು ಬೇಡ: ನಾಲ್ಕೂ ಸ್ಲಾಟ್ ತುಂಬಿದರೆ 6000ದ ವೇಗ ಬಹುತೇಕ ಕೈಗೆ ಸಿಗುವುದಿಲ್ಲ. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಕೂರಿಸಿ. ಮೊದಲ ಬಾರಿ ಚಾಲೂ ಮಾಡಿದಾಗ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಬೋರ್ಡು ಮೆಮೊರಿಯನ್ನು ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಸತ್ತಿದೆ ಎಂದು ನಡುವೆ ಆರಿಸಬೇಡಿ.

ಬಯಾಸ್ ಹೊಸದಾಗಿರಲಿ. 2023ರಲ್ಲಿ ಕೆಲವು ರೈಜನ್ 7000 ಪ್ರೊಸೆಸರ್‌ಗಳು ಸುಟ್ಟುಹೋದ ಬಳಿಕ ಎಎಂಡಿ ಎಸ್‌ಒಸಿ ವೋಲ್ಟೇಜಿಗೆ (ಪ್ರೊಸೆಸರಿನ ಮೆಮೊರಿ ನಿಯಂತ್ರಕ ಇರುವ ಭಾಗದ್ದು) 1.3 ವೋಲ್ಟ್ ಮಿತಿ ಹಾಕಿತು, ಹಳೆಯ ಬಯಾಸ್‌ನಲ್ಲಿ ಆ ಕಾವಲು ಇರುವುದಿಲ್ಲ. ಬೋರ್ಡಿನ 'ಆಟೊ ಓವರ್‌ಕ್ಲಾಕ್' ಗುಂಡಿ ಎಂಬ ಅಡ್ಡದಾರಿಯನ್ನೂ ಹಿಡಿಯಬೇಡಿ, ಅದು ಸುರಕ್ಷತೆಗೆಂದು ಬೇಕಿದ್ದಕ್ಕಿಂತ ಹೆಚ್ಚು ವೋಲ್ಟೇಜ್ ಸುರಿಯುತ್ತದೆ.

ಉಳಿದವು

ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದ್ದಾಗಿರಲಿ, ಗಾಜಿನದಲ್ಲ. ಎಸ್‌ಎಸ್‌ಡಿ ಯಾವುದಾದರೂ ಒಳ್ಳೆಯ ಕಂಪನಿಯದು. ಗ್ರಾಫಿಕ್ಸ್ ಕಾರ್ಡಿನಲ್ಲಿ 'ಒಸಿ' (ಓವರ್‌ಕ್ಲಾಕ್ ಮಾಡಿದ) ಆವೃತ್ತಿಗೆ ಹೆಚ್ಚು ಹಣ ಕೊಡಬೇಡಿ. ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ನೀವೇ ಅಷ್ಟನ್ನು ಪಡೆಯಬಹುದು.

ಪ್ರತಿ ಭಾಗಕ್ಕೂ ಸೀರಿಯಲ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ ಪಡೆಯಿರಿ. ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ಇಂಟೆಲ್ ಆಗಲಿ ಎಎಂಡಿ ಆಗಲಿ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ, ಎಕ್ಸ್‌ಪೋ ಚಾಲೂ ಮಾಡುವುದೂ ಎಎಂಡಿಯ ಲೆಕ್ಕದಲ್ಲಿ ಓವರ್‌ಕ್ಲಾಕಿಂಗೇ. ಹಾಗಾಗಿ ಮೊದಲ ವಾರ ಯಾವುದನ್ನೂ ಮುಟ್ಟದೆ, ಕಂಪನಿ ಇಟ್ಟ ವೇಗದಲ್ಲೇ ಓಡಿಸಿ. ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿಟ್ಟು ಮಲಗಿ, ಮರುದಿನ ಯಂತ್ರದ ಮೇಲೆ ಹೊರೆ ಹೇರಿ ಪರೀಕ್ಷಿಸುವ ಒಸಿಸಿಟಿ ತಂತ್ರಾಂಶವನ್ನು ಒಂದು ಗಂಟೆ ನಡೆಸಿ. ಆಗ ದೋಷ ಕಂಡರೆ ಅದು ಭಾಗದ್ದೇ ದೋಷ, ಅಂಗಡಿಯವರು ಬದಲಿಸಿಕೊಡಬೇಕು. ಎರಡೂ ದಾಟಿದ ಮೇಲೆ ಬಯಾಸ್ ತೆರೆದು, ಮೊದಲು ಎಕ್ಸ್‌ಪೋ, ಅದು ನಿಂತ ಮೇಲೆ ಕರ್ವ್ ಆಪ್ಟಿಮೈಸರ್, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.