ಯುಗಾದಿ ಆದಮೇಲೆ ಮೊದಲ ಬಿತ್ತನೆ ದನಕ್ಕೆ

ತುಮಕೂರು ಕಡೆ ನಮಗೆ ಮೂರು ಎಕರೆ ಕೆಂಪು ಮಣ್ಣಿನ ಹೊಲ ಇದೆ. ಪೂರ್ತಿ ಮಳೆ ನಂಬಿದ ಜಮೀನು. ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ಸೀಮೆಹಸು, ನಾಲ್ಕಾರು ಕುರಿ. ಯುಗಾದಿ ಹೊತ್ತಿಗೆ ರಾಗಿ ಹುಲ್ಲಿನ ಮೆದೆ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಹಾಗಾಗಿ ಮುಂಗಾರಿಗೆ ಮುಂಚೆ ಏನು ಬಿತ್ತಬೇಕು ಅನ್ನೋದನ್ನು ನಾನು ಸಂತೆ ರೇಟು ನೋಡಿ ತೀರ್ಮಾನಿಸಲ್ಲ, ಮೆದೆ ನೋಡಿ ತೀರ್ಮಾನಿಸುತ್ತೇನೆ.

ಮೊದಲು ಗೊಬ್ಬರ. ನಮ್ಮ ತಿಪ್ಪೆ ಗೊಬ್ಬರ ಮೂರು ಎಕರೆಗೆ ಎಲ್ಲಿ ಸಾಲುತ್ತದೆ? ಅದಕ್ಕೇ ಬೇಸಿಗೆಯಲ್ಲಿ ಕುರಿ ಮಂದೆ ನಿಲ್ಲಿಸುತ್ತೇವೆ. ಕುರಿಗಾರರು ಹಗಲೆಲ್ಲಾ ಮೇಯಿಸಿ, ರಾತ್ರಿ ನಮ್ಮ ಹೊಲದಲ್ಲಿ ತರುಬುತ್ತಾರೆ. ರಾತ್ರಿಗೆ ಇಷ್ಟು ಅಂತ ದುಡ್ಡು, ಊಟಕ್ಕೆ ರಾಗಿ. ಮಂದೆ ದಿನಾ ಜಾಗ ಬದಲಿಸಬೇಕು, ಇದನ್ನು ಮೊದಲೇ ಮಾತಾಡಿಕೊಳ್ಳಿ. ಎಲ್ಲರೂ ಹಿಕ್ಕೆ ಎಷ್ಟು ಬಿತ್ತು ಅಂತ ನೋಡುತ್ತಾರೆ, ಆದರೆ ಗಂಜಲವೂ ಅಷ್ಟೇ ಮುಖ್ಯ. ಬಿಸಿಲಿಗೆ ಬಿಟ್ಟರೆ ಅದರ ಸತ್ವ ಗಾಳಿಗೆ ಹೋಗುತ್ತದೆ. ಬೆಳಿಗ್ಗೆ ಮಂದೆ ಎದ್ದ ಕೂಡಲೇ ಉಳುತ್ತೇನೆ. ಮಣ್ಣು ತೀರಾ ಗಟ್ಟಿ ಇದ್ದರೆ ಹಲುಬೆ ಎಳೆದಾದರೂ ಮುಚ್ಚುತ್ತೇನೆ. ಆ ದಿನಗಳಲ್ಲಿ ನಮ್ಮ ಕುರಿಗಳನ್ನು ಆ ಕಡೆ ಬಿಡಲ್ಲ. ಊರೂರು ಸುತ್ತಿ ಬಂದ ಮಂದೆ, ಪಿಪಿಆರ್ (ಕುರಿ-ಮೇಕೆಗೆ ಬೇಗ ಅಂಟುವ ಮಾರಕ ರೋಗ) ಹತ್ತಿದರೆ ಕಷ್ಟ.

ಅಶ್ವಿನಿ ಮಳೆಗೆ ಉಳುಮೆ, ಭರಣಿಗೆ ಬಿತ್ತನೆ. ಭರಣಿ ಅಂದರೆ ಏಪ್ರಿಲ್ ಕೊನೆಯಿಂದ ಮೇ 10ರ ಆಸುಪಾಸು. 'ಭರಣಿ ಬಂದರೆ ಧರಣಿ ಬೆಳೆ' ಅಂತ ಹಿರಿಯರು ಹೇಳುತ್ತಿದ್ದುದು ಸುಮ್ನೆ ಅಲ್ಲ. ಮಳೆ ಬಿದ್ದ ಮಾರನೇ ದಿನ ಗೇಣುದ್ದ ಕೆದಕಿ ಒಂದು ಹಿಡಿ ಮಣ್ಣು ಅಮುಕಿ ನೋಡುತ್ತೇನೆ. ಉಂಡೆ ಕಟ್ಟಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಕೈಗೆ ಮೆತ್ತಿಕೊಂಡರೆ ಇನ್ನೊಂದು ದಿನ ಕಾಯುವುದೇ ವಾಸಿ.

ಒಂದು ಎಕರೆಗೆ ಹೆಸರು ಮತ್ತು ಅಲಸಂದೆ, ಅರ್ಧ ಎಕರೆಗೆ ಮೇವು. ಉಳಿದಿದ್ದು ರಾಗಿಗೆ ಅಂತ ಹದ ಮಾಡಿ ಬಿಟ್ಟಿರುತ್ತೇನೆ. ಹೆಸರು ಎರಡು ತಿಂಗಳು ಚಿಲ್ಲರೆಗೆ ಬರುತ್ತದೆ. ಕಾಯಿ ಮನೆಗೆ, ಗಿಡ ದನಕ್ಕೆ, ಬೇರು ಮಣ್ಣಿಗೆ. ಹಸಿ ಗಿಡವನ್ನು ಒಂದೇ ಸಲ ಹೊರೆಗಟ್ಟಲೆ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲು ಒಂದು ಹಿಡಿ ರಾಗಿ ಹುಲ್ಲು ತಿನ್ನಿಸಿ, ಆಮೇಲೆ ಹಸಿ ಕೊಡುತ್ತೇನೆ.

ಮೇವಿಗೆ ನಮ್ಮಪ್ಪ ಜೋಳ ಚೆಲ್ಲುತ್ತಿದ್ದರು. ನಾನು ಈಗ ಆಫ್ರಿಕನ್ ಟಾಲ್ ಅನ್ನೋ ಮೇವಿನ ತಳಿಯ ಮುಸುಕಿನ ಜೋಳ ಹಾಕುತ್ತೇನೆ. ಕಾರಣ ಎಳೆ ಜೋಳದ ನಂಜು. ಪೈರು ಮೊಣಕಾಲುದ್ದ ಇರುವಾಗ ಮಳೆ ಕೈಕೊಟ್ಟು ಬಾಡಿತು ಅಂದರೆ ಅದರಲ್ಲಿ ಸಯನೈಡ್ ವಿಷ ಜಾಸ್ತಿಯಾಗುತ್ತದೆ. ಹಗ್ಗ ಬಿಚ್ಚಿಕೊಂಡು ನುಗ್ಗಿದ ಹಸು ಹೊಟ್ಟೆ ತುಂಬಾ ಮೇದರೆ ಸ್ವಲ್ಪ ಹೊತ್ತಿಗೇ ಏದುಸಿರು ಬಿಡುತ್ತಾ ಬಿದ್ದುಹೋಗುತ್ತದೆ. ಇದಕ್ಕೆ ಇಂಜೆಕ್ಷನ್ ಇದೆ, ಆದರೆ ಡಾಕ್ಟರು ಬರೋವರೆಗೆ ಹಸು ಉಳಿಯಬೇಕಲ್ವಾ? ಕೊಯ್ದ ಹೊಲದ ಕೂಳೆ ಮೊದಲ ಮಳೆಗೆ ಚಿಗುರಿದಾಗಲೂ ಇದೇ ಅಪಾಯ. ಜೋಳವೇ ಬೇಕು ಅನ್ನುವವರು ಹೂ ಬರೋವರೆಗೆ ಕಾಯಲಿ.

ಮೇ ತಿಂಗಳಲ್ಲೇ ದನದ ಗಂಟಲು ಊದುವ ಗಳಲೆ ರೋಗಕ್ಕೂ ತೊಡೆ, ಭುಜ ಊದುವ ಚಪ್ಪೆ ರೋಗಕ್ಕೂ ಲಸಿಕೆ ಹಾಕಿಸಿಬಿಡುತ್ತೇನೆ. ಮಳೆ ಹಿಡಿದ ಮೇಲೆ ಓಡಾಡಿ ಪ್ರಯೋಜನವಿಲ್ಲ.

ಜುಲೈ ಕೊನೆಗೆ ಹೆಸರು ಕಿತ್ತ ಜಾಗಕ್ಕೆ ಜಿಪಿಯು 28 ತಳಿಯ ರಾಗಿ, ಅಕ್ಕಡಿ ಸಾಲಿಗೆ (ರಾಗಿ ನಡುವೆ ಬೇರೆ ಬೆಳೆಗೆ ಬಿಡುವ ಸಾಲು) ಅವರೆ, ತೊಗರಿ, ನಾಲ್ಕು ಸಾಲು ಬಿಳಿ ಜೋಳ. ರಾಗಿಗೆ ಕುಂಟೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿಯೇ ಹೊಲಕ್ಕೆ ಇಳಿಸುವುದು. ಅಕ್ಕಡಿಯ ಜೋಳ ಆಗ ಇನ್ನೂ ಎಳೆಯದೇ ಇರುತ್ತದೆ.