ಅಮೆರಿಕದಲ್ಲಿ ಅಂಚೆಯವರಿಗೆ ಉಡುಗೊರೆ: ನೋಟು ಬೇಡ, ಕಾರ್ಡು ನೋಡಿ ಕೊಳ್ಳಿ

ಡಿಸೆಂಬರ್ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರಲ್ಲಿ ಎಷ್ಟೋ ಜನ, ವರ್ಷವಿಡೀ ಟಪಾಲು ತಂದುಕೊಟ್ಟವರಿಗೆ ಕವರಿನಲ್ಲಿ 20 ಡಾಲರಿನ ನೋಟು ಇಟ್ಟು ಕೊಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಅಂಚೆಯವರು ಅಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ನೌಕರರು. ಆ ನೋಟನ್ನು ಅವರು ಇಟ್ಟುಕೊಳ್ಳುವಂತಿಲ್ಲ.

ಮೊದಲು, ಕೊಡುವುದು ಯಾರಿಗೆ ಎಂದು ನೋಡಿಕೊಳ್ಳಿ. ಇಲ್ಲಿ ಹೇಳುತ್ತಿರುವುದು ಫೆಡರಲ್ ನೌಕರರ ನಿಯಮ. ಪಾರ್ಸೆಲ್ ತರುವ ಯುಪಿಎಸ್, ಫೆಡ್‌ಎಕ್ಸ್ ಖಾಸಗಿ ಕಂಪನಿಗಳು, ಅವರಿಗೆ ಈ ನಿಯಮವಿಲ್ಲ. ಸರ್ಕಾರಿ ಶಾಲೆಯ ಟೀಚರಿಗೆ ಕೊಡುವುದಾದರೆ ಶಾಲೆಯಲ್ಲೇ ಕೇಳಿ, ಅವರ ನಿಯಮವೇ ಬೇರೆ.

ಎರಡನೆಯದು ಮೊತ್ತ. ನಗದಲ್ಲದ ಉಡುಗೊರೆಗೂ ಮಿತಿಯಿದೆ: ಒಂದು ಸಲಕ್ಕೆ 20 ಡಾಲರ್, ಒಬ್ಬರಿಂದ ಒಂದು ಕ್ಯಾಲೆಂಡರ್ ವರ್ಷಕ್ಕೆ ಒಟ್ಟು 50 ಡಾಲರ್. 35 ಡಾಲರಿನ ವಸ್ತು ಕೊಟ್ಟು ‘ಮೇಲಿನ 15 ನೀವೇ ಕೊಟ್ಟುಬಿಡಿ’ ಎಂದರೆ ನಡೆಯುವುದಿಲ್ಲ. 15ರ ಎರಡು ವಸ್ತು ಒಟ್ಟಿಗೆ ಕೊಟ್ಟರೆ ಅವರು ಒಂದನ್ನು ವಾಪಸ್ ಕೊಡಬೇಕಾಗುತ್ತದೆ. ಅವರನ್ನು ಆ ಇಕ್ಕಟ್ಟಿಗೆ ಯಾಕೆ ಸಿಕ್ಕಿಸಬೇಕು?

ಜಾಸ್ತಿ ಜನ ಎಡವುವುದು ಗಿಫ್ಟ್ ಕಾರ್ಡಿನಲ್ಲಿ. ನಗದು ಒಂದು ಡಾಲರೂ ಸಲ್ಲದು, ಚೆಕ್ಕೂ ಸಲ್ಲದು. ವೀಸಾ, ಮಾಸ್ಟರ್‌ಕಾರ್ಡ್ ಗುರುತಿರುವ ಪ್ರಿಪೇಯ್ಡ್ ಕಾರ್ಡನ್ನು ಎಲ್ಲಿ ಬೇಕಾದರೂ ಉಜ್ಜಬಹುದು, ಹಾಗಾಗಿ ಅದೂ ನಗದಿನ ಲೆಕ್ಕಕ್ಕೇ ಬರುತ್ತದೆ. ಅದನ್ನು ಕೊಳ್ಳಲೇಬೇಡಿ. ಸಾಲದ್ದಕ್ಕೆ ಕೊಳ್ಳುವಾಗ ಮೇಲೆ ಶುಲ್ಕ ಬೇರೆ. ಒಂದೇ ಅಂಗಡಿ ಅಥವಾ ಕಾಫಿ ಸರಪಳಿಯಲ್ಲಿ ಮಾತ್ರ ನಡೆಯುವ ಕಾರ್ಡು 20 ಡಾಲರಿನವರೆಗೆ ಆಗಬಹುದು. ಕೌಂಟರಿನ ಪಕ್ಕ ನೇತುಹಾಕಿರುವ ಕಾರ್ಡುಗಳಲ್ಲಿ ಎರಡೂ ಬಗೆ ಬೆರೆತಿರುತ್ತವೆ. ಕೈಗೆತ್ತಿಕೊಂಡು ತಿರುಗಿಸಿ, ಹಿಂದಿನ ಸಣ್ಣಕ್ಷರ ಓದಿ: ಎಲ್ಲಿ ನಡೆಯುತ್ತದೆ, ಹಣವಾಗಿ ಬದಲಿಸಿಕೊಡುತ್ತಾರಾ? ಆಮೇಲೆ ಮೊತ್ತ ನೋಡಿ. 25 ಎಂದು ಮೊದಲೇ ಅಚ್ಚಾಗಿದ್ದರೆ ಮಿತಿ ಮೀರಿತು. ಮೊತ್ತ ನೀವೇ ಹೇಳಿ ಹಾಕಿಸಬಹುದಾದ ಕಾರ್ಡನ್ನೇ ತೆಗೆದುಕೊಳ್ಳಿ.

ಒಂದು ಕಪ್ ಕಾಫಿ, ಒಂದು ಡೋನಟ್ ಉಡುಗೊರೆಯ ಲೆಕ್ಕಕ್ಕೇ ಬರುವುದಿಲ್ಲ. ಶುಭಾಶಯದ ಕಾರ್ಡೂ ಅಷ್ಟೇ.

ನಿಮಗೆ ಒಂದು ಫೆಡರಲ್ ಕಚೇರಿಯ ಜೊತೆ ಗುತ್ತಿಗೆಯೋ ಅರ್ಜಿಯೋ ನಡೆಯುತ್ತಿದ್ದರೆ ಅಲ್ಲಿನವರಿಗೆ ಏನನ್ನೂ ಕೊಡಬೇಡಿ, 20ರ ಒಳಗಿದ್ದರೂ ಬೇಡ. ಕೆಲಸ ಮಾಡಿಸಿಕೊಳ್ಳಲು ಕೊಟ್ಟದ್ದು ಎಷ್ಟೇ ಸಣ್ಣದಿರಲಿ, ಅದು ಲಂಚವೇ.

ಕೊಟ್ಟದ್ದನ್ನು ಅವರು ಬೇಡವೆಂದರೆ ಸುಮ್ನೆ ವಾಪಸ್ ತೆಗೆದುಕೊಳ್ಳಿ. ನಮ್ಮಲ್ಲಿ ‘ಇರಲಿ, ಇಟ್ಕೊಳ್ಳಿ’ ಎಂದು ಕೈಗೆ ತುರುಕುವ ರೂಢಿಯಿದೆ ಅಲ್ವಾ, ಅದು ಇಲ್ಲಿ ಬೇಡವೇ ಬೇಡ. ಅವರ ನೌಕರಿಗೆ ಕುತ್ತು ಬರಬಹುದು.

ನನ್ನನ್ನು ಕೇಳಿದರೆ ವಸ್ತುವಿಗಿಂತ ಪತ್ರ ಮೇಲು. ಅವರ ಪೋಸ್ಟ್‌ಮಾಸ್ಟರಿಗೆ ನಾಲ್ಕು ಸಾಲು ಬರೆಯಿರಿ. ಹಿಮ ಬಿದ್ದ ದಿನ ಔಷಧಿಯ ಪೊಟ್ಟಣವನ್ನು ಬಾಗಿಲವರೆಗೆ ತಂದುಕೊಟ್ಟಿದ್ದರೆ ಅದನ್ನೇ ಬರೆಯಿರಿ, ಅವರ ಹೆಸರು ಮತ್ತು ನಿಮ್ಮ ಬೀದಿಯ ಹೆಸರು ಮರೆಯದೆ ಹಾಕಿ.