ಮರ ಬಿದ್ದ ಕಾರು ಮತ್ತು ಮುಕ್ಕಾಲು ಪಾಲಿನ ಲೆಕ್ಕ

ಮಳೆಗಾಲದಲ್ಲಿ ಹುಲಿಕಲ್ ಘಾಟಿ ಹತ್ತುವವರಿಗೆ ಮರ ಬೀಳುವುದು ಹೊಸದಲ್ಲ. ನಮ್ಮ ಕಾರಿನ ಮೇಲೆ ಬಿದ್ದಿದ್ದು ಮಾಸ್ತಿಕಟ್ಟೆಗಿಂತ ಸ್ವಲ್ಪ ಮೊದಲು, ಕುಂದಾಪುರದಿಂದ ವಾಪಸ್ ಬರುವಾಗ. ನನಗೂ ಹೆಂಡತಿಗೂ ದೊಡ್ಡ ಪೆಟ್ಟೇನೂ ಆಗಲಿಲ್ಲ. ಕಾರು ಮಾತ್ರ ಮುಂದಿನ ಅರ್ಧ ಜಜ್ಜಿ ಹೋಗಿತ್ತು. ಆಮೇಲೆ ಇನ್ಶೂರೆನ್ಸ್ ಕಂಪನಿಯ ಜೊತೆ ನಡೆದ ಹಗ್ಗಜಗ್ಗಾಟದಲ್ಲಿ ನಾನು ಕಲಿತಿದ್ದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಇಂಥ ಕಾರು, ಜೀಪು ಪ್ರತಿ ಮಳೆಗಾಲ ಇರುತ್ತವೆ. ಅವುಗಳ ಮಾಲೀಕರು ಕಂಪನಿ ಕೊಟ್ಟಷ್ಟು ತಗೊಂಡು ಸುಮ್ಮನಾಗುತ್ತಾರೆ.

ಮೊದಲು ಲೆಕ್ಕ ಹೇಳುತ್ತೇನೆ. ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತದೆ. ಕಾರು ಪೂರ್ತಿ ಹೋದರೆ ಕಂಪನಿ ಕೊಡಬೇಕಾದ ಬೆಲೆ ಅದು. ಕಾರಿನ ಪಟ್ಟಿ ಬೆಲೆಯಲ್ಲಿ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. ಎರಡರಿಂದ ಮೂರು ವರ್ಷಕ್ಕೆ 30 ಪರ್ಸೆಂಟ್, ಮೂರರಿಂದ ನಾಲ್ಕಕ್ಕೆ 40, ನಾಲ್ಕರಿಂದ ಐದಕ್ಕೆ 50. ನಮ್ಮದು ಮೂರು ವರ್ಷ ದಾಟಿದ ಡೀಸೆಲ್ ಕಾರು, ಐಡಿವಿ 6,40,000 ರೂಪಾಯಿ. ರಿಪೇರಿ ಖರ್ಚು ಈ ಐಡಿವಿಯ 75 ಪರ್ಸೆಂಟ್ ದಾಟಿದರೆ ಅದನ್ನು ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋದ ಹಾಗೆ, ಎಂದು ಪರಿಗಣಿಸಬೇಕು. ಹಾಗೆಂದು ಪಾಲಿಸಿಯಲ್ಲೇ ಬರೆದಿರುತ್ತದೆ. ನಮ್ಮ ಕಾರಿಗೆ ಆ ಗೆರೆ 4,80,000.

ಶಿವಮೊಗ್ಗದ ಸಾಗರ ರಸ್ತೆಯ ವರ್ಕ್‌ಶಾಪಿನವರು ಕೊಟ್ಟ ಎಸ್ಟಿಮೇಟ್ 5,62,000. ನಷ್ಟ ಅಂದಾಜು ಮಾಡಲು ಕಂಪನಿ ಕಳಿಸಿದ ಸರ್ವೇಯರ್ ಹಾಕಿದ್ದು 4,37,000. ಅಂದರೆ ಗೆರೆಗಿಂತ ಕೆಳಗೆ. ಕಂಪನಿ ಹೇಳಿದ್ದು ಇಷ್ಟೇ: "ಇದು ರಿಪೇರಿ ಕೇಸು, ಕೆಲಸ ಶುರು ಮಾಡಿಸಿ. ಉಳಿದಿದ್ದು ನಿಮ್ಮ ಖರ್ಚು." ಒಂದೂಕಾಲು ಲಕ್ಷ ನಾನು ಕೈಯಿಂದ ಹಾಕಬೇಕು. ಹಾಕಿದ ಮೇಲೂ ಕೈಗೆ ಬರುವುದು ಚೌಕಟ್ಟೇ ಬಗ್ಗಿದ ಕಾರು. ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಮತ್ತೆ ಅದೇ ಘಾಟಿ ಹತ್ತಲು ನಾನು ತಯಾರಿರಲಿಲ್ಲ.

ಫೋನಿನಲ್ಲಿ ವಾದ ಮಾಡಿ ಏನೂ ಆಗುವುದಿಲ್ಲ. ಸರ್ವೇ ವರದಿಯ ಪ್ರತಿ ಕೊಡಿ ಎಂದು ಇಮೇಲ್ ಹಾಕಿದೆ. ಪಾಲಿಸಿದಾರರಿಗೆ ಅದನ್ನು ಕೇಳುವ ಹಕ್ಕಿದೆ. "ಅದು ಆಫೀಸಿನ ಒಳಗಿನ ಕಾಗದ" ಎಂದು ಒಬ್ಬರು ಹೇಳಿದರು. ಹಾಗಿದ್ದರೆ ಆ ಮಾತನ್ನೇ ಬರವಣಿಗೆಯಲ್ಲಿ ಕೊಡಿ ಎಂದೆ. ವರದಿ ಬಂತು.

ಓದಿದಾಗ ವ್ಯತ್ಯಾಸ ಎಲ್ಲಿದೆ ಅಂತ ಗೊತ್ತಾಯಿತು. ವರ್ಕ್‌ಶಾಪಿನವರು ರೂಫ್ ಬದಲಿಸಬೇಕು ಎಂದಿದ್ದರು, ಸರ್ವೇಯರ್ 'ರಿಪೇರಿ' ಎಂದು ಬರೆದಿದ್ದರು. ಎಡಗಡೆಯ ಎ ಪಿಲ್ಲರ್, ಅಂದರೆ ಮುಂದಿನ ಗಾಜಿನ ಪಕ್ಕದ ಕಂಬ, ಅದೂ 'ರಿಪೇರಿ'. ಡ್ಯಾಶ್‌ಬೋರ್ಡಿನ ಒಳಗಿನ ವೈರಿಂಗ್ ಪಟ್ಟಿಯಲ್ಲೇ ಇರಲಿಲ್ಲ. ಕಾರನ್ನು ಬಿಚ್ಚದೆ ಹೊರಗಿನಿಂದ ನೋಡಿ ಬರೆದ ವರದಿ ಅದು.

ಟಿಂಕರಿಂಗ್ ಮಾಡುವ ಮೇಸ್ತ್ರಿ ನನಗೆ ಒಂದು ವಿಷಯ ತೋರಿಸಿದರು. ಗಾಜು ತೆಗೆದ ಚೌಕಟ್ಟಿಗೆ ಟೇಪ್ ಹಿಡಿದರು. ಎಡಗಡೆ ಮೇಲಿನ ಮೂಲೆಯಿಂದ ಬಲಗಡೆ ಕೆಳಗಿನ ಮೂಲೆಗೆ ಒಂದು ಅಳತೆ. ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ ಇನ್ನೊಂದು. ಎರಡೂ ಒಂದೇ ಬರಬೇಕು. ನಮ್ಮದರಲ್ಲಿ 19 ಮಿಲಿಮೀಟರ್ ವ್ಯತ್ಯಾಸ. "ನೋಡಿ ಮಾರಾಯ್ರೆ, ಇದನ್ನು ಎಳೆದು ಕೂರಿಸಿದ್ರೆ ಗಾಜು ಕೂರತ್ತೆ, ಮೊದಲಿನ ಗಟ್ಟಿ ಬರಲ್ಲ" ಎಂದರು. ಟೇಪಿನ ಅಂಕಿ ಕಾಣುವ ಹಾಗೆ ಎರಡೂ ಅಳತೆಯ ಫೋಟೊ ತೆಗೆದೆ. ಇಡೀ ಕೇಸಿನಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಆ ಎರಡು ಫೋಟೊ.

ಆಮೇಲೆ ಪತ್ರ. ಸಿಟ್ಟು, ಅಳಲು ಯಾವುದನ್ನೂ ಬರೆಯಲಿಲ್ಲ. ಒಂದೊಂದು ಸಾಲಿಗೆ ಒಂದೊಂದು ಉತ್ತರ. "ವರದಿಯಲ್ಲಿ ಎ ಪಿಲ್ಲರ್ ರಿಪೇರಿ ಎಂದಿದೆ. ಚೌಕಟ್ಟಿನ ಅಳತೆಯಲ್ಲಿ 19 ಮಿಲಿಮೀಟರ್ ವ್ಯತ್ಯಾಸವಿದೆ, ಫೋಟೊ ಲಗತ್ತಿಸಿದೆ. ವರ್ಕ್‌ಶಾಪಿನ ಅಭಿಪ್ರಾಯ ಲಗತ್ತಿಸಿದೆ. ಯಾವ ಆಧಾರದಲ್ಲಿ ರಿಪೇರಿ ಸಾಕು ಎಂದು ತಿಳಿಸಿ." ಹೀಗೆ ರೂಫಿಗೆ, ಹೀಗೆ ವೈರಿಂಗಿಗೆ. ಕೊನೆಯಲ್ಲಿ ಒಂದೇ ಬೇಡಿಕೆ: ಕಾರು ಬಿಚ್ಚಿಸಿ, ವರ್ಕ್‌ಶಾಪಿನವರ ಎದುರಲ್ಲಿ ಮರುಸರ್ವೇ ಮಾಡಿ.

ಸರ್ವೇಯರ್ ಬರೆದಿದ್ದೇ ಅಂತಿಮ ಎಂದು ಕಂಪನಿಯವರು ಹೇಳುತ್ತಾರೆ. ಅದು ಸರಿಯಲ್ಲ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ, ಬಲವಾದ ಆಧಾರವಿದ್ದರೆ ಅದನ್ನು ಬದಿಗಿಡಬಹುದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಒಂದು ಲಾರಿಯ ಕೇಸಿನಲ್ಲೇ ಹೇಳಿದೆ. ನ್ಯೂ ಇಂಡಿಯಾ ಅಶ್ಯೂರೆನ್ಸ್ ವಿರುದ್ಧ ಪ್ರದೀಪ್ ಕುಮಾರ್ ಅಂತ ಆ ತೀರ್ಪಿನ ಹೆಸರು. ಪತ್ರದಲ್ಲಿ ಅದನ್ನು ಒಂದು ಸಾಲಿನಲ್ಲಿ ಬರೆದೆ.

ನಮ್ಮ ಪಾಲಿಸಿಯಲ್ಲಿ ಝೀರೋ ಡೆಪ್, ಅಂದರೆ ಬಿಡಿಭಾಗಗಳಿಗೆ ಸವಕಳಿ ಕಳೆಯದ ಸೌಲಭ್ಯ ಇತ್ತು, ಅದು ದೊಡ್ಡ ಅನುಕೂಲವಾಯಿತು. ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗಿಗೆ 50 ಪರ್ಸೆಂಟ್ ಕಳೆಯುತ್ತಾರೆ. ಆ ವಯಸ್ಸಿನ ಕಾರಿನ ಲೋಹದ ಭಾಗಕ್ಕೆ 25 ಪರ್ಸೆಂಟ್. ಹಾಗೆ ಕಳೆದು ಉಳಿದ ಮೊತ್ತವನ್ನೇ 75 ಪರ್ಸೆಂಟಿನ ಲೆಕ್ಕಕ್ಕೆ ತರಲು ನೋಡುತ್ತಾರೆ. ಗೆರೆ ಮುಟ್ಟುವುದು ಬಹಳ ಕಷ್ಟವಾಗುತ್ತದೆ. ಎಳೆದು ತಂದ ಖರ್ಚಿನ ಕಥೆ ಬೇರೆ. ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಸಿಗುವುದು 1,500 ರೂಪಾಯಿ ಮಾತ್ರ. ಘಾಟಿಯಿಂದ ಶಿವಮೊಗ್ಗಕ್ಕೆ ಕ್ರೇನ್ ಕೇಳುವ ರೇಟು ನಮ್ಮ ಕಡೆಯವರಿಗೆ ಗೊತ್ತೇ ಇದೆ.

ಪತ್ರಕ್ಕೆ ಬ್ರಾಂಚಿನಿಂದ ಸರಿಯಾದ ಉತ್ತರ ಬರಲಿಲ್ಲ. ಅದೇ ಪತ್ರವನ್ನು ಕಂಪನಿಯ ದೂರು ಅಧಿಕಾರಿಗೆ ಕಳಿಸಿ, ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐನ ಬಿಮಾ ಭರೋಸಾ ದೂರು ಪೋರ್ಟಲಿನಲ್ಲೂ ಹಾಕಿದೆ. ಮುಂದಿನ ಹೆಜ್ಜೆ ಯಾವುದು ಅಂತಲೂ ತಿಳಿಸಿದೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಫೀಸಿಲ್ಲ, ವಕೀಲರು ಬೇಕಿಲ್ಲ, ಅವರ ತೀರ್ಪನ್ನು ಕಂಪನಿ ಪಾಲಿಸಲೇಬೇಕು. ಅಲ್ಲಿಯೂ ಆಗದಿದ್ದರೆ ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆಯ ಪ್ರಕಾರ ನಾವಿರುವ ಊರಿನಲ್ಲೇ ದೂರು ಕೊಡಬಹುದು. ಒಂದು ವಿಷಯ ನೆನಪಿಡಿ: ಕೇಸು ಆಯೋಗದಲ್ಲಿ ನಡೆಯುತ್ತಿದ್ದರೆ ಓಂಬುಡ್ಸ್‌ಮನ್ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಮೊದಲು ಓಂಬುಡ್ಸ್‌ಮನ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ. ಬೇರೆ ಸರ್ವೇಯರ್ ಬಂದರು. ಡ್ಯಾಶ್‌ಬೋರ್ಡ್ ಬಿಚ್ಚಿಸಿದರು, ಮೇಸ್ತ್ರಿಯ ಕೈಯಲ್ಲೇ ಮತ್ತೆ ಟೇಪ್ ಹಿಡಿಸಿದರು, ತಾವೂ ಅಳೆದರು. ಒಳಗೆ ನೋಡಿದಾಗ ಇನ್ನೂ ಎರಡು ಭಾಗ ಒಡೆದಿದ್ದವು. ಟೋಟಲ್ ಲಾಸ್ ಎಂದು ಬರೆದುಕೊಂಡು ಹೋದರು.

ಇಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಮೇಲೆ ಗುಜರಿಯ ಮಾತು ಬರುತ್ತದೆ. "ನಿಮ್ಮ ಕಾರಿನ ಗುಜರಿಗೆ 2,10,000 ಬೆಲೆ ಬಂದಿದೆ, ಅದನ್ನೂ ಕಡ್ಡಾಯ ಕಡಿತದ 1,000 ರೂಪಾಯಿಯನ್ನೂ ಕಳೆದು 4,29,000 ಕೊಡುತ್ತೇವೆ, ಕಾರು ನೀವೇ ಮಾರಿಕೊಳ್ಳಿ" ಎಂದರು. ಆ ಬೆಲೆ ಯಾರು ಹೇಳಿದ್ದು ಎಂದರೆ ಹೆಸರಿಲ್ಲ. ಸಾಮಾನ್ಯ ಗ್ರಾಹಕರ ಮೇಲೆ ಗುಜರಿ ವಿಲೇವಾರಿಯ ಹೊಣೆ ಹಾಕುವ ಹಾಗಿಲ್ಲ, ಅದು ಕಂಪನಿಯ ಕೆಲಸ ಎಂದು ಐಆರ್‌ಡಿಎಐ 2024ರ ಸುತ್ತೋಲೆಯಲ್ಲಿ ಹೇಳಿದೆ. ಅದನ್ನೇ ಬರೆದು, "ಆ ಬೆಲೆಗೆ ಕಾರನ್ನು ನೀವೇ ತಗೊಳ್ಳಿ" ಎಂದೆ. ಒಪ್ಪಿದರು. ಕಡ್ಡಾಯ ಕಡಿತದ 1,000 ಬಿಟ್ಟು 6,39,000 ಬಂತು. ಸಾಲ ಬಾಕಿ ಇದ್ದದ್ದರಿಂದ ಬ್ಯಾಂಕಿನ ಪಾಲು ನೇರ ಬ್ಯಾಂಕಿಗೆ ಹೋಯಿತು, ಉಳಿದಿದ್ದು ನನಗೆ.

ದುಡ್ಡು ಬರುವ ಮೊದಲು 'ಪೂರ್ಣ ಮತ್ತು ಅಂತಿಮ' ಎಂಬ ಡಿಸ್ಚಾರ್ಜ್ ವೋಚರಿಗೆ ಸಹಿ ಕೇಳುತ್ತಾರೆ. ಮೊತ್ತ ಒಪ್ಪಿಗೆಯಿಲ್ಲದಿದ್ದರೆ "ಆಕ್ಷೇಪಣೆಯೊಂದಿಗೆ" ಎಂದು ಕೈಬರಹದಲ್ಲಿ ಸೇರಿಸಿ ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ. ಇಂಥ ಸಹಿಯಿಂದ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಎಂದು ಐಆರ್‌ಡಿಎಐ 2015ರಲ್ಲೇ ಹೇಳಿದೆ.

ಆರ್‌ಸಿ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಗುಜರಿಯವರ ಕೈಗೆ ಸುಮ್ನೆ ಆರ್‌ಸಿ ಕೊಟ್ಟು ಬಂದರೆ, ನಾಳೆ ಆ ನಂಬರಿನಲ್ಲಿ ಬೇರೆ ಕಾರು ಓಡಿದರೂ ಪೊಲೀಸರು ಬರುವುದು ನಿಮ್ಮ ಮನೆಗೆ. ಆರ್‌ಟಿಒ ಕಚೇರಿಯಲ್ಲಿ ನೋಂದಣಿ ರದ್ದು ಮಾಡಿಸಿ, ಅದರ ಕಾಗದ ಕೈಗೆ ಬಂದ ಮೇಲೇ ನಾನು ಕಾರು ಎತ್ತಲು ಬಿಟ್ಟಿದ್ದು.

ಹೊಸ ಕಾರಿಗೆ ಪಾಲಿಸಿ ಮಾಡಿಸುವಾಗ ಏಜೆಂಟರು ಐಡಿವಿ ಐವತ್ತು ಸಾವಿರ ಇಳಿಸಿದರೆ ಪ್ರೀಮಿಯಂ ಕಮ್ಮಿಯಾಗುತ್ತದೆ ಎಂದರು. ಉಳಿಯುವುದು ಕೆಲವು ನೂರು ರೂಪಾಯಿ. ಬೇಡ ಅಂದೆ. ಪೂರ್ತಿ ಐಡಿವಿಗೆ, ಝೀರೋ ಡೆಪ್ ಸೇರಿಸಿಯೇ ಮಾಡಿಸಿದ್ದೇನೆ.